ಲೈನ್‌ಮನ್ ಶರಣಪ್ಪ ಮತ್ತು ನನ್ನ ಎರಡು ಸಹಿಗಳು

2006ನೇ ಇಸವಿ. ನಾನು ಆಗ ಯಲಬುರ್ಗಾ ತಾಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಕೊಪ್ಪಳ ಬೇರೆ ಜಿಲ್ಲೆಯಾದ 1997ರಲ್ಲೇ ನಾನು ಸರ್ಕಾರಿ ಸೇವೆಗೆ ಸೇರಿದ್ದು. ಮೊದಲ ಕೆಲವು ವರ್ಷ ಗಂಗಾವತಿ ಕಡೆಯ ಕಾಲುವೆ ಸೀಮೆಯಲ್ಲಿ ಕಳೆದು, ಆಮೇಲೆ ಈ ಎರೆ ಹೊಲಗಳ ಊರಿಗೆ ವರ್ಗವಾಗಿ ಬಂದಿದ್ದೆ. ಹುಟ್ಟಿದ್ದು ಕುಷ್ಟಗಿ ತಾಲೂಕಿನಲ್ಲಿ, ಹೀಗಾಗಿ ಜನರ ಮಾತು ತಿಳಿಯದೆ ಹೋಗುವ ತೊಂದರೆ ಇರಲಿಲ್ಲ. ರೋಗಿ ಬಾಗಿಲು ದಾಟುವ ಮೊದಲೇ ಅವನ ನಡಿಗೆ ನೋಡಿ ಕಾಯಿಲೆ ಹೇಳಬಲ್ಲೆ ಎಂಬ ಜಂಬವೂ ನನಗಿತ್ತು. ಒಂಬತ್ತು ವರ್ಷದ ಸರ್ವಿಸ್ ಆದವನಿಗೆ ಬರುವ ಜಂಬ ಅದು. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ತಪ್ಪು ನನ್ನದು, ಊರಿನದಲ್ಲ.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮ ಕಡೆ ಚಿಕೂನ್‌ಗುನ್ಯ ಬಂತು. ಹಗಲು ಹೊತ್ತಿನಲ್ಲಿ ಕಚ್ಚುವ ಈಡಿಸ್ ಸೊಳ್ಳೆಯಿಂದ ಹರಡುವ ವೈರಸ್ ಜ್ವರ ಇದು. ನಲ್ಲಿಗೆ ವಾರಕ್ಕೊಮ್ಮೆ ನೀರು ಬರುವ ಊರಿನಲ್ಲಿ ಮನೆಮನೆಯ ಅಂಗಳದಲ್ಲೂ ನೀರಿನ ಡ್ರಮ್ಮು, ಸಿಮೆಂಟಿನ ತೊಟ್ಟಿ. ಸೊಳ್ಳೆಗಳಿಗೆ ಇದಕ್ಕಿಂತ ಹೆಚ್ಚಿನ ಸೌಕರ್ಯ ಬೇಕಿರಲಿಲ್ಲ. ಹೆಸರಿನಲ್ಲೇ ಚಿಕನ್ ಇದೆಯೆಂದು ಯಾರೋ ಹೇಳಿ, ಊರಲ್ಲಿ ಕೋಳಿ ತಿನ್ನುವುದನ್ನೇ ಬಿಟ್ಟರು. ಹುಂಜಗಳು ಕೊಬ್ಬಿದವು, ಜನ ಮಾತ್ರ ಬಗ್ಗಿಹೋದರು. ಜ್ವರ ನಾಲ್ಕೈದು ದಿನಕ್ಕೆ ಬಿಡುತ್ತಿತ್ತು. ಕೀಲುನೋವು ಬಿಡುತ್ತಿರಲಿಲ್ಲ. ಮಣಿಕಟ್ಟು, ಬೆರಳು, ಹಿಮ್ಮಡಿ, ಮೊಣಕಾಲು ಒಂದೂ ಸುಮ್ಮನಿರುತ್ತಿರಲಿಲ್ಲ. ಹೊರರೋಗಿಗಳ ರಿಜಿಸ್ಟರ್ ಒಂದು ತಿಂಗಳಲ್ಲಿ ತುಂಬಿ ಹೊಸದನ್ನು ತೆರೆಯಬೇಕಾಯಿತು.

ಅಷ್ಟು ಜನರನ್ನು ಒಬ್ಬನೇ ನೋಡಬೇಕಾದಾಗ ವೈದ್ಯ ಅಡ್ಡದಾರಿ ಹುಡುಕಿಕೊಳ್ಳುತ್ತಾನೆ. ನಾನೂ ಒಂದನ್ನು ಕಂಡುಕೊಂಡೆ. ವಾಸಿಯಾಗಿದೆಯೋ ಇಲ್ಲವೋ ತಿಳಿಯಲು ರೋಗಿಗೆ ಎರಡೇ ಪರೀಕ್ಷೆ. ಒಂದು, ಮುಷ್ಟಿ ಬಿಗಿ ಹಿಡಿಯಬೇಕು. ಎರಡು, ಕುಕ್ಕರುಗಾಲಲ್ಲಿ ಕೂತು ಯಾರ ಆಸರೆಯೂ ಇಲ್ಲದೆ ಏಳಬೇಕು. ಎದ್ದರೆ ಪಾಸ್. ಹೊಲದ ಕೆಲಸವೆಲ್ಲ ಕುಕ್ಕರುಗಾಲಲ್ಲೇ ನಡೆಯುವ ನಾಡಿನಲ್ಲಿ ಇದಕ್ಕಿಂತ ಸರಿಯಾದ ಪರೀಕ್ಷೆ ಇನ್ನೇನಿದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ತಿಂಗಳ ಸಭೆಗೆ ಕೊಪ್ಪಳಕ್ಕೆ ಹೋದಾಗ ಬೇರೆ ವೈದ್ಯರಿಗೂ ಹೇಳಿಕೊಟ್ಟೆ.

ನಮ್ಮ ಕೇಂದ್ರದ ಫಾರ್ಮಸಿಸ್ಟ್ ರಾಜಾಸಾಬ್ ನನಗಿಂತ ಹತ್ತು ವರ್ಷ ದೊಡ್ಡವರು, ಭಾರಿ ಮಾತುಗಾರರು. "ಬಿಳಿ ಗುಳಿಗಿ ಉಂಡ ಮ್ಯಾಲೆ, ಕೆಂಪು ಗುಳಿಗಿ ಮಲಗೂ ಮುಂದ, ಎರಡೂ ಒಮ್ಮೆ ನುಂಗಿದ್ರ ನನ್ನ ಹೆಸರು ಹೇಳಬ್ಯಾಡ್ರಿ" ಎಂದು ಕಿಟಕಿಯಲ್ಲಿ ಕೂತು ರಾಗವಾಗಿ ಹೇಳುತ್ತಿದ್ದರು. ಜೂನ್‌ನಲ್ಲಿ ಅವರಿಗೂ ಜ್ವರ ಬಂತು. ವಾರ ಕಳೆದ ಮೇಲೆ ಸಾಲು ನಿಂತ ರೋಗಿಗಳ ಎದುರಿಗೇ ಅವರನ್ನೂ ಕುಕ್ಕರುಗಾಲಲ್ಲಿ ಕೂರಿಸಿ ಎಬ್ಬಿಸಿದೆ. ಜನ ನಕ್ಕರು. "ಪಾಸಾದ್ರಿ, ನಡೀರಿ ಕಿಟಕಿಗೆ" ಎಂದೆ. ಆಮೇಲೆ ಕಿಟಕಿಯ ಕಡೆಯಿಂದ ರಾಗ ಕೇಳಿಸಲಿಲ್ಲ. ಕೆಲಸದ ಒತ್ತಡದಲ್ಲಿ ಮನುಷ್ಯನಿಗೆ ಶಿಸ್ತು ಬಂತು ಅಂದುಕೊಂಡೆ. ನಿಜ ಹೇಳಬೇಕೆಂದರೆ, ನನಗೆ ಅದು ಹಿಡಿಸಿತ್ತು ಕೂಡ.

ಇನ್ನು ಶರಣಪ್ಪ. ವಿದ್ಯುತ್ ಕಂಪನಿಯ ಲೈನ್‌ಮನ್, ವಯಸ್ಸು ನಲವತ್ತನಾಲ್ಕು, ಕಂಬ ಹತ್ತುವುದರಲ್ಲಿ ಇಪ್ಪತ್ತು ವರ್ಷದ ಅನುಭವ. ನಮಗೂ ಅವನಿಗೂ ನಂಟು ಬೆಳೆದದ್ದು ಲಸಿಕೆ ಇಡುವ ಫ್ರಿಜ್ಜಿನಿಂದ. ಮಕ್ಕಳ ಲಸಿಕೆ ಎಂಟು ಡಿಗ್ರಿಗಿಂತ ಬಿಸಿಯಾಗಬಾರದು, ಕರೆಂಟು ಹೋದರೆ ನನಗೆ ತಳಮಳ. ಗಾಳಿಮಳೆಗೆ ಎಲ್ಲಿ ತಂತಿ ಹರಿದರೂ ಅವನು ಮೊದಲು ನಮ್ಮ ಕೇಂದ್ರದ ಲೈನ್ ಸರಿಮಾಡಿ, ಬಾಗಿಲಲ್ಲಿ ಇಣುಕಿ, "ಸಾಹೇಬ್ರ, ಫ್ರಿಜ್ ತಣ್ಣಗೈತಿಲ್ರಿ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದ. ಒಂದು ಸಲವೂ ಆ ಮಾತು ತಪ್ಪಿಸಿದವನಲ್ಲ.

ಜುಲೈ ಮೊದಲ ವಾರ ಅವನು ಮಲಗಿದ. ಜ್ವರ ನಾಲ್ಕು ದಿನ. ಕೀಲುನೋವು ಎಷ್ಟೆಂದರೆ ಚಹದ ಲೋಟ ಹಿಡಿಯಲು ಎರಡೂ ಕೈ ಬೇಕು. ನೋವಿನ ಮಾತ್ರೆಗೆ ಬಗ್ಗದಿದ್ದಾಗ, ಆ ದಿನಗಳಲ್ಲಿ ಹಲವರು ಮಾಡುತ್ತಿದ್ದಂತೆ ನಾನೂ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಬರೆದುಕೊಟ್ಟೆ. ದೇಹದ ರೋಗನಿರೋಧಕ ಶಕ್ತಿಯ ಅಬ್ಬರವನ್ನು ತಗ್ಗಿಸಿ ಊತ ಇಳಿಸುವ ಔಷಧ ಅದು. ಮೂರೇ ದಿನದಲ್ಲಿ ಶರಣಪ್ಪ ನಡೆದುಕೊಂಡು ಬಂದ. "ಇಪ್ಪತ್ತರ ಹುಡುಗ ಆಗೇನ್ರಿ ಸಾಹೇಬ್ರ, ಈಗ ಕಂಬ ಹತ್ತು ಅಂದ್ರ ಹತ್ತತೀನಿ" ಎಂದ. ಈ ಮಾತ್ರೆಯನ್ನು ಹಂತಹಂತವಾಗಿ ಇಳಿಸುತ್ತ ನಿಲ್ಲಿಸಬೇಕು. ಅದನ್ನು ಹೇಳಿದ್ದೆ. ಅವನು ನೋವು ಹೋಯಿತೆಂದು ಮೂರನೇ ವಾರ ಒಮ್ಮೆಗೇ ಬಿಟ್ಟುಬಿಟ್ಟಿದ್ದ. ನಾನು ಮತ್ತೆ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಆಗಸ್ಟ್‌ನ ಒಂದು ಸೋಮವಾರ ಫಿಟ್‌ನೆಸ್ ಸರ್ಟಿಫಿಕೇಟ್‌ಗೆ ಬಂದ. ರಜೆ ಮುಗಿಸಿ ಕೆಲಸಕ್ಕೆ ಮರಳಬೇಕಾದರೆ ಮೈ ನೆಟ್ಟಗಿದೆಯೆಂದು ವೈದ್ಯರು ಬರೆದುಕೊಡುವ ಕಾಗದ ಅದು. ಮುಷ್ಟಿ ಹಿಡಿ ಎಂದೆ, ಹಿಡಿದ. ಕೂತು ಏಳು ಎಂದೆ, ಎದ್ದ. ಸಹಿ ಹಾಕಿ ಸೀಲು ಒತ್ತಿ ಕೊಟ್ಟೆ. ಎಲ್ಲ ಸೇರಿ ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಅಂದು ಅವನು ನಗಲಿಲ್ಲ, ಫ್ರಿಜ್ಜಿನ ಸುದ್ದಿ ಕೇಳಲಿಲ್ಲ. ಇದು ನನಗೆ ಹೊಳೆದದ್ದು ಒಂಬತ್ತು ದಿನ ಕಳೆದ ಮೇಲೆ.

ಐದನೆಯ ದಿನ ಅವನ ಹೆಂಡತಿ ಹುಲಿಗೆವ್ವ ಬಂದಳು. ಎರಡು ಎಮ್ಮೆ ಸಾಕಿಕೊಂಡು ಹಾಲು ಮಾರಿ ಮನೆ ತೂಗಿಸುವ ಗಟ್ಟಿ ಹೆಂಗಸು. ಸಾಲಿನಲ್ಲಿ ನಿಲ್ಲದೆ ನೇರ ಒಳಗೆ ಬಂದು ಮೇಜಿನ ಅಂಚು ಹಿಡಿದು ನಿಂತಳು.

"ಸಾಹೇಬ್ರ, ನೀವು ಸಹಿ ಮಾಡಿದ ಕಾಗದ ವಾಪಸ್ ತಗೊಳ್ರಿ. ಇವರು ಆರಾಮ ಆಗಿಲ್ರಿ."

"ಯಾಕ, ಮತ್ತ ಮೈಕೈ ನೋವು ಬಂತೇನು?"

"ಇಲ್ರಿ. ನೋವು ಹೋಗೈತಿ. ನಮ್ಮವರೂ ಅದರ ಜೋಡಿನ ಹೋಗ್ಯಾರ. ಮನ್ಯಾಗ ಕುಂತಾವ್ರು ಬ್ಯಾರೆ ಯಾರೋ ಅದಾರ್ರಿ."

ಊಟ ಸೇರುತ್ತಿಲ್ಲ, ಬೆಳಗಿನ ಜಾವ ಮೂರಕ್ಕೇ ಎದ್ದು ಗೋಡೆಗೆ ಮುಖ ಮಾಡಿ ಕೂಡುತ್ತಾರೆ, ಕರೆದರೆ ಓ ಅನ್ನುವುದಿಲ್ಲ ಎಂದಳು. ಮೊದಲು ತನ್ನ ಮೇಲೆ ಸಿಟ್ಟೇನೋ ಅಂದುಕೊಂಡಳಂತೆ. ಆಮೇಲೆ ದೇವಿಯ ಕಾಟವೆಂದು ಹುಲಿಗಿಯ ದೇವಿ ಗುಡಿಗೂ ಕರೆದುಕೊಂಡು ಹೋಗಿ ಬಂದಿದ್ದಳು. "ಅಲ್ಲಿ ಅವ್ವ ಏನೂ ಹೇಳಲಿಲ್ರಿ. ನೀವರ ಹೇಳ್ತೀರಿ ಅಂತ ಬಂದೆ" ಎಂದಳು.

ಹೊರಗೆ ನಲವತ್ತು ಜನ ನಿಂತಿದ್ದರು. ನನಗೆ ಸಿಡುಕು ಬಂತು. "ತಿಂಗಳಗಟ್ಟಲೆ ಮನ್ಯಾಗ ಕುಂತು ಮೈಗಳ್ಳತನ ಹತ್ತೈತಿ, ಮತ್ತೇನಿಲ್ಲ. ನಾಕು ದಿನ ಕೆಲಸಕ್ಕ ಹೋದ್ರ ತಾನ ಸರಿ ಹೋಗ್ತಾನ" ಎಂದೆ. ಅವಳು ಮೇಜಿನ ಅಂಚು ಬಿಟ್ಟು ಹೊರಟುಹೋದಳು. ಆ ಮಾತನ್ನು ನಾನು ಹೇಗೆ ಆಡಿದೆನೋ! ಇಷ್ಟು ವರ್ಷಗಳಾದರೂ ನೆನಪಾದರೆ ನಾಚಿಕೆಯಾಗುತ್ತದೆ.

ಒಂಬತ್ತನೆಯ ದಿನ ಬುಧವಾರ, ಹಿಂದಿನ ದಿನದ ಗಾಳಿಗೆ ಊರಾಚೆಯ ಹೊಲದಲ್ಲಿ ಹನ್ನೊಂದು ಸಾವಿರ ವೋಲ್ಟಿನ ತಂತಿ ಜಾರಿತ್ತು. ಇಲ್ಲಿ ಲೈನ್‌ಮನ್ನರ ಒಂದು ಪದ್ಧತಿಯನ್ನು ವಿವರಿಸಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ತಂತಿ ಮುಟ್ಟುವ ಮೊದಲು ಲೈನ್‌ಮನ್ ಸಬ್‌ಸ್ಟೇಷನ್ನಿಗೆ ಹೋಗುತ್ತಾನೆ. ಅಲ್ಲಿಯ ಆಪರೇಟರ್ ಆ ಭಾಗದ ಹಳ್ಳಿಗಳಿಗೆ ಹೋಗುವ ಲೈನನ್ನು ಬಂದ್ ಮಾಡಿ, ಅವನ ಹೆಸರಿಗೆ ನಂಬರು ಹಾಕಿದ ಒಂದು ಚೀಟಿ ಕೊಡುತ್ತಾನೆ. ಇದಕ್ಕೆ ಲೈನ್ ಕ್ಲಿಯರ್ ಅನ್ನುತ್ತಾರೆ, ಬಾಯಿಮಾತಿನಲ್ಲಿ ಎಲ್‌ಸಿ. ಕೆಲಸ ಮುಗಿದ ಮೇಲೆ ಚೀಟಿ ತೆಗೆದುಕೊಂಡವನೇ ಅದನ್ನು ವಾಪಸು ಕೊಡಬೇಕು. ಲೈನಿನ ಮೇಲೆ ಯಾರೂ ಇಲ್ಲ, ಸಾಮಾನೂ ಉಳಿದಿಲ್ಲ ಎಂದು ಅವನೇ ಸಹಿ ಮಾಡಬೇಕು. ಅಲ್ಲಿಯ ತನಕ ಮಂತ್ರಿಗಳು ಫೋನ್ ಮಾಡಿದರೂ ಆಪರೇಟರ್ ಕರೆಂಟು ಬಿಡುವುದಿಲ್ಲ. ಇನ್ನೊಂದು ಪದ್ಧತಿ, ಲೈನ್ ಬಂದ್ ಆಗಿದ್ದರೂ ತಂತಿಗೆ ಮೊದಲು ಅರ್ಥಿಂಗ್ ರಾಡ್ ತಾಗಿಸಿ, ಉಳಿದ ಕರೆಂಟನ್ನು ನೆಲಕ್ಕೆ ಇಳಿಸಿ, ಆಮೇಲೆ ಕೈ ಹಚ್ಚುವುದು.

ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅರ್ಥಿಂಗ್ ತಪ್ಪಿಸದ ಶರಣಪ್ಪ ಅಂದು ರಾಡ್ ಅನ್ನು ನೆಲದ ಮೇಲೇ ಬಿಟ್ಟು ಕಂಬ ಹತ್ತಲು ಹೊರಟಿದ್ದ. ಜೊತೆಗಿದ್ದ ಯಮನೂರಪ್ಪ ಅವನಷ್ಟೇ ಹಳೆಯ ಲೈನ್‌ಮನ್. ಅವನು ಸೊಂಟದ ಬೆಲ್ಟು ಹಿಡಿದು ಕೆಳಗೆಳೆದ. "ಸಾಯ್ತೀಯೇನಲೇ?" ಎಂದು ಬೈದದ್ದಕ್ಕೆ ಶರಣಪ್ಪ, "ಆದ್ರ ಆಗ್ಲಿ ಬಿಡೊ" ಅಂದನಂತೆ. ಯಮನೂರಪ್ಪ ಬೇರೇನೂ ಕೇಳಲಿಲ್ಲ. ಬೈಕಿನ ಹಿಂದೆ ಕೂರಿಸಿಕೊಂಡು ನೇರ ನನ್ನಲ್ಲಿಗೆ ತಂದ. ಆಗ ಮಧ್ಯಾಹ್ನ ಹನ್ನೆರಡೂವರೆ.

ಶರಣಪ್ಪ ಬೆಂಚಿನ ಮೇಲೆ ಕೂತ. ಎಲ್‌ಸಿ ಚೀಟಿ ಅವನ ಅಂಗಿಯ ಕಿಸೆಯಲ್ಲಿ. ಮೂರು ಹಳ್ಳಿಗೆ ಕರೆಂಟಿಲ್ಲ. ಒಂದು ಗಂಟೆಯ ಹೊತ್ತಿಗೆ ಹಿಟ್ಟಿನ ಗಿರಣಿಯವನು, ಪಂಪ್‌ಸೆಟ್ಟಿನವರು, ಸುಮ್ಮನೆ ನೋಡಲು ಬಂದವರು ಎಲ್ಲ ಸೇರಿ ಅಂಗಳ ತುಂಬಿತು. "ಲೈನ್‌ಮನ್‌ಗ ಹುಚ್ಚು ಹಿಡದೈತಂತ" ಎಂದು ಒಬ್ಬ ಹೇಳಿದ್ದು ನನಗೂ ಕೇಳಿಸಿತು, ಅವನಿಗೂ ಕೇಳಿಸಿತು. ನಾನು ಬಾಗಿಲು ಹಾಕಿಸಿದೆ.

ಅಷ್ಟರಲ್ಲಿ ಅವನ ಸೆಕ್ಷನ್ ಆಫೀಸರ್ ಫೋನ್ ಮಾಡಿದರು. "ಡಾಕ್ಟ್ರೇ, ಒಂಬತ್ತು ದಿನದ ಹಿಂದ ಫಿಟ್ ಅಂತ ಬರದುಕೊಟ್ಟಾವ್ರು ನೀವ. ಈಗ ಒಂದೋ ಅವನ ಕಡಿಂದ ಸಹಿ ಮಾಡಿಸಿ ಚೀಟಿ ಕಳಸ್ರಿ, ಬ್ಯಾರೆಯವರ ಹೆಸರಿಗೆ ಎಲ್‌ಸಿ ತಗೊಂಡು ತಂತಿ ಸರಿ ಮಾಡಸ್ತೀನಿ, ಇಲ್ಲಾ ಅನ್‌ಫಿಟ್ ಅಂತ ಬರದುಕೊಡ್ರಿ, ನಾ ಬಂದು ಎಲ್‌ಸಿ ರದ್ದು ಮಾಡ್ತೀನಿ. ಎರಡರಾಗ ಒಂದು" ಎಂದರು.

ಮೊದಲನೆಯದು ಎಷ್ಟು ಸುಲಭವಿತ್ತು! ಶರಣಪ್ಪ ಆಗಲೇ ಚೀಟಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡಿದ್ದ. "ಪೆನ್ ಕೊಡ್ರಿ, ಸಹಿ ಮಾಡ್ತೀನಿ" ಎಂದ. ಅಂದು ಯಾವ ಕಾಗದ ಹಿಡಿದರೂ ಸಹಿ ಮಾಡುತ್ತಿದ್ದ. ಮಾಡಿದ್ದರೆ ಜನ ಮನೆಗೆ ಹೋಗುತ್ತಿದ್ದರು, ಅವನ ನೌಕರಿ ಉಳಿಯುತ್ತಿತ್ತು, ನನ್ನ ಸರ್ಟಿಫಿಕೇಟಿನ ಮಾನವೂ ಉಳಿಯುತ್ತಿತ್ತು. ನಾನು ಪೆನ್ ಎತ್ತಿಕೊಂಡೆ. ಕೊಡುವ ಮೊದಲು ಒಂದು ಪ್ರಶ್ನೆ ಕೇಳಿದೆ.

"ಶರಣಪ್ಪ, ಅರ್ಥಿಂಗ್ ಮಾಡೂದನ್ನ ಯಾಕ ಮರತಿ?"

 ಲೆಕ್ಕ ತಪ್ಪಿದ ಶಾಲೆಯ ಹುಡುಗನ ಹಾಗೆ ಹಣೆ ಗಂಟಿಕ್ಕಿದ. ಆಮೇಲೆ ಹೇಳಿದ, "ಮರತೆನೋ, ಬೇಕಂತ ಬಿಟ್ಟೆನೋ, ನನಗ ತಿಳೀವಲ್ದ್ರಿ ಸಾಹೇಬ್ರ."

ನನ್ನ ಕೈಯಲ್ಲಿದ್ದ ಪೆನ್ ಅಲ್ಲೇ ನಿಂತಿತು. ತಾನು ಏನು ಮಾಡಿದೆನೆಂದು ತಾನೇ ತಿಳಿಯದವನು, ಲೈನಿನ ಮೇಲೆ ಯಾರೂ ಇಲ್ಲ ಎಂದು ಹೇಗೆ ಸಹಿ ಮಾಡಿಯಾನು? ಕುರ್ಚಿ ಎಳೆದುಕೊಂಡು ಅವನೆದುರು ಕೂತೆ. ಒಂಬತ್ತು ದಿನದ ಹಿಂದೆಯೇ ಕೇಳಬೇಕಾದದ್ದನ್ನೆಲ್ಲ ಆಗ ಕೇಳಿದೆ. ಮಾತ್ರೆ ಹೇಗೆ ಬಿಟ್ಟೆ, ನಿದ್ದೆ ಹೇಗಿದೆ, ಊಟದ ರುಚಿ ತಿಳಿಯುತ್ತದೆಯೇ, ಯಾವುದರಲ್ಲಾದರೂ ಮನಸ್ಸು ನಿಲ್ಲುತ್ತದೆಯೇ. ಸಾಯಬೇಕು ಅನಿಸುತ್ತದೆಯೇ ಎಂದೂ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಬರುತ್ತದೆ ಎಂದು ಅನೇಕರು ಅಂಜುತ್ತಾರೆ. ಅದು ಸುಳ್ಳು, ಕೇಳಿದರೆ ಭಾರ ಇಳಿಯುತ್ತದೆ.

"ಸಾಯಬೇಕಂತಲ್ರಿ. ಇದ್ದದ್ದ ಗೊತ್ತಾಗವಲ್ದು" ಎಂದ. ಆಮೇಲೆ, "ನೋವು ಇದ್ದಾಗ ಛಲೋ ಇತ್ರಿ. ಏನಾಗೈತಿ ಅಂತ ಕೇಳಿದ್ರ ನೋವು ಅಂತ ಹೇಳಾಕ ಬರ್ತಿತ್ತು. ಈಗ ಏನಂತ ಹೇಳ್ಲಿ?" ಎಂದ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ಅನ್‌ಫಿಟ್ ಎಂದು ಬರೆಯಲು ಕೂತೆ. ಕಾಯಿಲೆಯ ಹೆಸರು ಬರೆಯುವ ಜಾಗದಲ್ಲಿ ಮತ್ತೆ ತಡೆಯಿತು. ಮಾನಸಿಕ ಎಂದು ಬರೆದರೆ ಮುಂದೆ ಎಂದೂ ಅವನನ್ನು ಕಂಬದ ಹತ್ತಿರ ಬಿಡಲಿಕ್ಕಿಲ್ಲ. ಕೀಲುನೋವು ಎಂದು ಬರೆದರೆ ಸುಳ್ಳು, ಸರಿಯಾದ ಚಿಕಿತ್ಸೆಗೂ ದಾರಿ ಇರುವುದಿಲ್ಲ. ಏನಾಗಿದೆ ಎಂಬುದು ನನಗೇ ಸ್ಪಷ್ಟವಿರಲಿಲ್ಲ. ಕೊನೆಗೆ ಹೀಗೆ ಬರೆದೆ: "ವೈರಸ್ ಜ್ವರದ ನಂತರ ಬಂದ ಖಿನ್ನತೆ. ಚಿಕಿತ್ಸೆಯಿಂದ ಗುಣವಾಗುವಂಥದ್ದು. ಸದ್ಯ ಕೆಲಸಕ್ಕೆ ಅರ್ಹರಲ್ಲ. ಈ ಹಿಂದೆ ನಾನು ಕೊಟ್ಟ ಪ್ರಮಾಣಪತ್ರ ಪೂರ್ತಿ ಪರೀಕ್ಷೆ ಮಾಡದೆ ಕೊಟ್ಟದ್ದು." ಗುಣವಾಗುವಂಥದ್ದು ಎಂಬ ಮಾತನ್ನು ಗೊತ್ತಿದ್ದು ಬರೆಯಲಿಲ್ಲ, ಆಸೆಯಿಂದ ಬರೆದೆ.

ಸೆಕ್ಷನ್ ಆಫೀಸರ್ ಬಂದರು. ಯಮನೂರಪ್ಪನ ಜೊತೆ ಲೈನ್ ಪೂರ್ತಿ ನಡೆದು ನೋಡಿ, ತಂತಿ ಸರಿಮಾಡಿಸಿ, ಎಲ್‌ಸಿ ರದ್ದು ಮಾಡಿದರು. ಐದು ಗಂಟೆಗೆ ಫ್ರಿಜ್ಜಿನ ದೀಪ ಹೊತ್ತಿತು. ಶರಣಪ್ಪ ಅದನ್ನು ನೋಡಿಯೂ ಏನೂ ಅನ್ನಲಿಲ್ಲ.

ಅಂದು ಸಂಜೆ ನನ್ನ ಜೊತೆ ಓದಿದ, ನಗರವೊಂದರಲ್ಲಿ ಮನೋವೈದ್ಯನಾಗಿದ್ದ ಗೆಳೆಯನಿಗೆ ಫೋನ್ ಮಾಡಿದೆ. ಅವನು ನನಗಿಂತ ತಾಳ್ಮೆಯವನು. ಅವನು ಹೇಳಿದ್ದನ್ನು ಸರಳ ಮಾಡಿ ಬರೆಯುತ್ತೇನೆ. ವೈರಸ್ ಮೈ ಹೊಕ್ಕಾಗ ರೋಗನಿರೋಧಕ ಜೀವಕೋಶಗಳು ಸೈಟೊಕೈನ್ ಎಂಬ ರಾಸಾಯನಿಕಗಳನ್ನು ಬಿಡುತ್ತವೆ. ಕೋಶದಿಂದ ಕೋಶಕ್ಕೆ ಸುದ್ದಿ ಮುಟ್ಟಿಸುವ ಓಲೆಕಾರರು ಇವು. ಆ ಸುದ್ದಿ ಮಿದುಳಿಗೂ ಮುಟ್ಟುತ್ತದೆ. ಆಗ ಹಸಿವು ಹೋಗುತ್ತದೆ, ಯಾರೂ ಬೇಡವಾಗುತ್ತಾರೆ, ಮೂಲೆ ಸೇರಿ ಬಿದ್ದಿರಬೇಕು ಅನಿಸುತ್ತದೆ. ರೋಗದ ಜೊತೆ ಹೋರಾಡಲು ಶಕ್ತಿ ಉಳಿಸುವ ಉಪಾಯ ಅದು. ಸಾಮಾನ್ಯವಾಗಿ ಜ್ವರ ಹೋದಂತೆ ಇದೂ ಹೋಗುತ್ತದೆ. ಕೆಲವರಲ್ಲಿ ಮಾತ್ರ ವೈರಸ್ ಹೋದ ಮೇಲೂ ಆ ಓಲೆಗಳು ನಿಲ್ಲುವುದಿಲ್ಲ, ಅಥವಾ ಮಿದುಳು ಮೊದಲಿನ ಲಯಕ್ಕೆ ಮರಳುವುದಿಲ್ಲ. ಯಕೃತ್ತಿನ ಕಾಯಿಲೆಗೆ ಇಂಟರ್‌ಫೆರಾನ್ ಎಂಬ ಅಂಥದ್ದೇ ರಾಸಾಯನಿಕವನ್ನು ಚುಚ್ಚುಮದ್ದಾಗಿ ಕೊಟ್ಟಾಗ, ನಗುನಗುತ್ತ ಇದ್ದವರೂ ಖಿನ್ನತೆಗೆ ಬೀಳುವುದನ್ನು ವೈದ್ಯರು ಕಂಡಿದ್ದಾರೆ ಎಂದ.

"ಹಾಗಾದರೆ ಇದು ವೈರಸ್ಸಿನಿಂದಲೇ ಬಂದದ್ದೋ?" ಎಂದು ಕೇಳಿದೆ.

"ಗೊತ್ತಿಲ್ಲ. ನೀನು ಕೊಟ್ಟ ಸ್ಟಿರಾಯ್ಡ್ ಒಮ್ಮೆಗೇ ನಿಂತದ್ದರಿಂದಲೂ ಆಗಿರಬಹುದು. ಥೈರಾಯ್ಡ್ ಇರಬಹುದು. ವಾರಗಟ್ಟಲೆ ನೋವು ತಿಂದವನಿಗೆ ಬರುವ ಬೇಸರವೂ ಇರಬಹುದು. ಎಲ್ಲ ಸೇರಿಯೂ ಇರಬಹುದು. ಕಾರಣ ಗೊತ್ತಾಗುವ ತನಕ ಕಾಯಬೇಡ, ಕರೆದುಕೊಂಡು ಬಾ" ಎಂದ.

ನನ್ನ ತಲೆ ಕೆಟ್ಟು ಹೋಯಿತು. ನಡಿಗೆ ನೋಡಿ ಕಾಯಿಲೆ ಹೇಳುವವನಿಗೆ ನಾಲ್ಕು ಕಾರಣ ಎದುರಿಗಿಟ್ಟರೂ ಒಂದನ್ನು ಎತ್ತಿಕೊಳ್ಳಲಾಗಲಿಲ್ಲ. ನಾಲ್ಕರಲ್ಲಿ ಒಂದು ನನ್ನದೇ ಚೀಟಿಯ ಔಷಧ. ರಕ್ತ ತೆಗೆದು ಕೊಪ್ಪಳಕ್ಕೆ ಕಳಿಸಿದೆ. ಥೈರಾಯ್ಡ್ ಸರಿಯಾಗಿಯೇ ಇತ್ತು. ಮೈಯೊಳಗೆ ಉರಿಯೂತ ಇದೆಯೆಂದು ಸೂಚಿಸುವ ಇಎಸ್‌ಆರ್ ಮಾತ್ರ ಸ್ವಲ್ಪ ಏರಿತ್ತು. ಕೀಲು ಊದಿದವರಿಗೆಲ್ಲ ಅದು ಏರಿಯೇ ಇರುತ್ತದೆ, ಹೀಗಾಗಿ ಅದರಿಂದಲೂ ಏನೂ ಬಗೆಹರಿಯಲಿಲ್ಲ.

ಫೋನ್ ಮಾಡಿದ ಮರುದಿನ ಬೆಳಿಗ್ಗೆ ನಾನೇ ಅವರ ಮನೆಗೆ ಹೋದೆ. ಹುಲಿಗೆವ್ವ ಎಮ್ಮೆಗೆ ಮೇವು ಹಾಕುತ್ತಿದ್ದಳು. ತಪ್ಪಾಯಿತು ಎಂದು ಹೇಳಲು ಹೋದವನು, ಅಭ್ಯಾಸಬಲದಿಂದ ಪಾಠ ಹೇಳಲು ಶುರುಮಾಡಿದೆ. ಸೈಟೊಕೈನ್ ಎಂದೆ, ಮಿದುಳು ಎಂದೆ. ಅವಳು ತಡೆದಳು.

"ಅದೆಲ್ಲ ನನಗೇನು ಗೊತ್ರಿ. ಎಮ್ಮಿಗೆ ಜ್ವರ ಬಂದು ಹೋದ್ರ ಎಂಟು ದಿನ ಹಿಂಡು ಬಿಟ್ಟು ನಿಲ್ಲತೈತಿ, ಕಲಗಚ್ಚಿಗೆ ಬಾಯಿ ಹಚ್ಚಂಗಿಲ್ಲ. ಅದಕ್ಕ ಯಾರೂ ಮೈಗಳ್ಳ ಅನ್ನಂಗಿಲ್ಲ. ಅದು ಇನ್ನೂ ಆರಾಮ ಆಗಿಲ್ಲ ಅಂತೀವಿ."

ನಾನು ಫೋನಿನಲ್ಲಿ ಒಂದು ತಾಸು ಕೇಳಿ ತಿಳಿದುಕೊಂಡದ್ದು ಅವಳಿಗೆ ದನದ ಕೊಟ್ಟಿಗೆಯಲ್ಲೇ ಗೊತ್ತಿತ್ತು. "ತಪ್ಪಾತು ತಂಗಿ" ಎಂದೆ. "ತಪ್ಪು ಆಮ್ಯಾಲ ನೋಡೂಣ್ರಿ, ಮೊದಲ ಇವರನ್ನ ಉಳಿಸಿ ಕೊಡ್ರಿ" ಎಂದಳು. ಉಳಿಸುವ ಭರವಸೆ ನನ್ನ ಹತ್ತಿರ ಇರಲಿಲ್ಲ.

ಗೆಳೆಯನ ಹತ್ತಿರ ನಾನೇ ಕರೆದುಕೊಂಡು ಹೋದೆ. ಖಿನ್ನತೆಯ ಮಾತ್ರೆ ಶುರುವಾಯಿತು. ಅದರ ಗುಣ ಕಾಣಲು ಮೂರು ನಾಲ್ಕು ವಾರ ಬೇಕು, ಅಲ್ಲಿಯ ತನಕ ಒಬ್ಬನನ್ನೇ ಬಿಡಬೇಡಿ ಎಂದು ಅವನು ಎಚ್ಚರಿಸಿದ್ದ. ಹಗಲು ಹುಲಿಗೆವ್ವ, ಸಂಜೆ ಯಮನೂರಪ್ಪ ಪಾಳಿ ಹಚ್ಚಿ ಕೂತರು. ನಾನು ದಿನ ಬಿಟ್ಟು ದಿನ ಹೋಗುತ್ತಿದ್ದೆ. ಎರಡನೆಯ ವಾರ ನಿದ್ದೆ ಬಂತು. ನಾಲ್ಕನೆಯ ವಾರ ರೊಟ್ಟಿ ಕೇಳಿದ ಎಂದು ಹುಲಿಗೆವ್ವ ಓಡಿಬಂದು ಹೇಳಿದಳು, ಐದನೆಯ ವಾರ ಮತ್ತೆ ಗೋಡೆಗೆ ಮುಖ. ಆಗ ಮಾತ್ರೆಯ ಪ್ರಮಾಣ ಹೆಚ್ಚಿಸಿದರು. ಮುಂದಕ್ಕೆ ಎರಡು ಹೆಜ್ಜೆ ಹಿಂದಕ್ಕೆ ಒಂದು, ಹೀಗೇ ದೀಪಾವಳಿ ಬಂತು. ಮಾತ್ರೆಯಿಂದ ಇಳಿಯಿತೋ, ಹೆಂಡತಿಯ ಕಾವಲಿನಿಂದಲೋ, ಮೈಯೊಳಗಿನ ಗದ್ದಲ ತಾನಾಗಿ ತಣ್ಣಗಾಯಿತೋ, ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.

ಒಂದು ದಿನ ಶರಣಪ್ಪನೇ ನನಗೆ ತಿಳಿಸಿ ಹೇಳಿದ. ಜ್ವರ ಹೋದ ಮೇಲೆ ಇದೆಲ್ಲ ಯಾಕೆ ಬರಬೇಕು ಎಂದು ನಾನು ಗೊಣಗುತ್ತಿದ್ದೆ. "ಲೈನ್ ಬಂದ್ ಆದ್ರೂ ತಂತ್ಯಾಗ ಕರೆಂಟ್ ಉಳಿದಿರತೈತ್ರಿ ಸಾಹೇಬ್ರ. ಒಮ್ಮೊಮ್ಮೆ ಯಾರದೋ ಜನರೇಟರ್‌ನಿಂದ ಹಿಂದಿಂದ ಬರತೈತಿ. ಬಂದ್ ಆಗೈತಿ ಅಂತ ಮುಟ್ಟಿದಾವ್ರ ಭಾಳ ಮಂದಿ ಹೋಗ್ಯಾರ. ಎಲ್ಲಿಂದ ಬಂತು ಅಂತ ಹುಡಕಾಕ ಹೋಗಂಗಿಲ್ರಿ ನಾವು, ಮೊದಲ ಅರ್ಥಿಂಗ್ ಮಾಡ್ತೀವಿ" ಎಂದ. ಅಷ್ಟು ದೀರ್ಘವಾಗಿ ಅವನು ಮಾತಾಡಿದ್ದು ನಾಲ್ಕು ತಿಂಗಳಲ್ಲಿ ಅದೇ ಮೊದಲು.

ಡಿಸೆಂಬರಿನಲ್ಲಿ ಎರಡನೆಯ ಸಲ ಫಿಟ್‌ನೆಸ್ ಸರ್ಟಿಫಿಕೇಟ್ ಕೇಳಿಕೊಂಡು ಬಂದ. ಮನೋವೈದ್ಯರ ಪತ್ರವನ್ನೂ ತಂದಿದ್ದ. ಕಂಪನಿಯವರು ಮೊದಲ ಮೂರು ತಿಂಗಳು ಕಂಬ ಬೇಡ, ಸಬ್‌ಸ್ಟೇಷನ್ನಿನ ಕೆಲಸ ಎಂದು ಒಪ್ಪಿದ್ದರು. ಈ ಸಲ ನಾನು ಕೂತು ಏಳು ಅನ್ನಲಿಲ್ಲ. ಅರ್ಧ ತಾಸು ಮಾತಾಡಿಸಿದೆ, ಹುಲಿಗೆವ್ವನನ್ನೂ ಒಳಗೆ ಕರೆದು ಕೇಳಿದೆ. "ನಮ್ಮವರು ವಾಪಸ್ ಬಂದಾರ್ರಿ" ಎಂದಳು. ಆಮೇಲೆ ಸಹಿ ಹಾಕಿದೆ. ಶರಣಪ್ಪ ಕಾಗದ ಮಡಚಿ ಕಿಸೆಗೆ ಇಟ್ಟುಕೊಂಡು, ಬಾಗಿಲ ತನಕ ಹೋಗಿ ತಿರುಗಿದ. "ಫ್ರಿಜ್ ತಣ್ಣಗೈತಿಲ್ರಿ?" ಎಂದ. ಹೌದೆಂದು ತಲೆ ಆಡಿಸಿದೆ.

ಅವನು ಹೋದ ಮೇಲೆ ಆ ಎಲ್‌ಸಿಯ ನಿಯಮ ತಲೆಯಲ್ಲಿ ಸುತ್ತತೊಡಗಿತು. ತೆಗೆದುಕೊಂಡವನೇ ವಾಪಸು ಕೊಡಬೇಕು. ಆ ಬೇಸಿಗೆಯಿಂದ ನಾನು ಕೂರಿಸಿ ಎಬ್ಬಿಸಿ ಪಾಸ್ ಎಂದು ಕಳಿಸಿದವರೆಷ್ಟು ಜನ? ಅವರಲ್ಲಿ ಎಷ್ಟು ಜನ ಗೋಡೆಗೆ ಮುಖ ಮಾಡಿ ಕೂತಿದ್ದಾರೆ? ಮರುದಿನ ಬೆಳಿಗ್ಗೆ ಬೇಗ ಬಂದು ಹಳೆಯ ರಿಜಿಸ್ಟರ್ ಎರಡನ್ನೂ ತೆಗೆಸಿದೆ. ಹೆಸರು ಓದಿ ಹೇಳಲು ರಾಜಾಸಾಬರನ್ನು ಕರೆದೆ. ಪ್ರತಿ ಹೆಸರಿನ ಮುಂದೆ ಗುರುತು ಹಾಕಿಕೊಂಡು ಮನೆಮನೆಗೆ ಹೋಗಿ ಮೂರು ಪ್ರಶ್ನೆ ಕೇಳುವುದೆಂದು ಹೇಳಿದೆ: ನಿದ್ದೆ ಬರುತ್ತದೆಯೇ, ಊಟ ರುಚಿಸುತ್ತದೆಯೇ, ಮೊದಲಿನ ಹಾಗೆ ಅನಿಸುತ್ತದೆಯೋ ಇಲ್ಲವೋ.

ರಾಜಾಸಾಬ್ ಓದುತ್ತ ಹೋದರು. ಜೂನ್ ತಿಂಗಳ ಪುಟದಲ್ಲಿ ಒಂದು ಹೆಸರಿಗೆ ಬಂದು ನಿಂತರು. ಯಾಕೆ ನಿಲ್ಲಿಸಿದಿರಿ ಎಂದು ಬಗ್ಗಿ ನೋಡಿದೆ. ಅದು ಅವರದೇ ಹೆಸರು. ಎದುರಿಗೆ ನನ್ನ ಕೈಬರಹದಲ್ಲಿ, ಪಾಸ್.

"ನನ್ನ ಯಾವಾಗ ಕೇಳ್ತೀರಿ ಅಂತ ಕಾಯಾಕ್ಹತ್ತೀನ್ರಿ ಸಾಹೇಬ್ರ" ಎಂದರು.

ಆರು ತಿಂಗಳು ನನ್ನಿಂದ ಹತ್ತು ಹೆಜ್ಜೆ ದೂರದ ಕಿಟಕಿಯಲ್ಲಿ ಕೂತಿದ್ದರು. ಶರಣಪ್ಪನಿಗೆ ನಾನು ಬರೆದ ಮಾತ್ರೆಗಳನ್ನು ಎಣಿಸಿ ಕೊಟ್ಟವರೂ ಅವರೇ. ಅವರ ಮೌನವನ್ನು ನಾನು ಶಿಸ್ತು ಎಂದು ಮೆಚ್ಚಿಕೊಂಡಿದ್ದೆ. ವೃತ್ತಿ ನನಗೆ ಕಲಿಸಿದ ಪಾಠ ಇದೊಂದೇ ಎಂದು ಹೇಳಿದರೂ ತಪ್ಪಲ್ಲ: ಜ್ವರ ಇಳಿದ ದಿನ ವೈದ್ಯನ ಕೆಲಸ ಮುಗಿಯುವುದಿಲ್ಲ, ಗುಣವಾಯಿತು ಎಂದು ಬರೆದವನೇ ಮತ್ತೆ ಹೋಗಿ ಕೇಳಬೇಕು. ಕಾರಣ ತಿಳಿಯದಿದ್ದರೂ ಕೇಳಬೇಕು.

ಹೊರಗೆ ರೋಗಿಗಳು ಸೇರತೊಡಗಿದ್ದರು. ನಾನು ಎದ್ದು ಬಾಗಿಲು ಹಾಕಿ, ನನ್ನ ಕುರ್ಚಿಯನ್ನು ರಾಜಾಸಾಬರ ಹತ್ತಿರಕ್ಕೆ ಎಳೆದುಕೊಂಡೆ. "ಹೇಳ್ರಿ" ಎಂದೆ. ಅಂದು ಹೊರರೋಗಿ ವಿಭಾಗ ಒಂದು ತಾಸು ತಡವಾಗಿ ಶುರುವಾಯಿತು.